ಐವತ್ತು ರೂಪಾಯಿ ದಂಡಕ್ಕೂ ಮುಂಚೆಯೇ ಕೇಸು ಸಾಯುವ ಜಾಗಗಳು

ಬೀದಿನಾಯಿಗೆ ಯಾರೋ ವಿಷವಿಟ್ಟರು ಎಂಬ ಸುದ್ದಿ ಬಂದಾಗಲೆಲ್ಲ ಜನ ಆಡುವ ಮಾತು ಒಂದೇ: ‘ಐವತ್ತು ರೂಪಾಯಿ ಕಟ್ಟಿ ಹೊರಗೆ ಬರ್ತಾನೆ ಬಿಡಿ.’ ಮಾತು ಸುಳ್ಳಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕಲಂ 11ರ ಪ್ರಕಾರ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಆದರೆ ಎಷ್ಟೋ ಕೇಸುಗಳು ಆ ಐವತ್ತು ರೂಪಾಯಿಯವರೆಗೂ ಹೋಗುವುದಿಲ್ಲ. ಠಾಣೆಯ ಮೇಜಿನ ಮೇಲೆ, ಆತುರದಲ್ಲಿ ತೋಡಿದ ಗುಂಡಿಯಲ್ಲಿ, ಬಾರದ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಯ ದಾರಿ ಕಾಯುತ್ತಲೇ ಮುಗಿದುಹೋಗುತ್ತವೆ. ಈ ಜಾಗಗಳಲ್ಲಿ ಕಾವಲು ನಿಲ್ಲುವುದು ನಾಗರಿಕರಾದ ನಮ್ಮ ಕೈಯಲ್ಲಿದೆ.

ಮೊದಲು ಠಾಣೆ. ಕಲಂ 11ರಲ್ಲಿ ಹಲವು ಬಗೆಯ ಹಿಂಸೆಗಳ ಪಟ್ಟಿಯಿದೆ, ಆದರೆ ಕಲಂ 31ರ ಪ್ರಕಾರ ಅವುಗಳಲ್ಲಿ ಕೆಲವೇ ಕೆಲವು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಆದೇಶಕ್ಕೆ ಕಾಯದೆ ತನಿಖೆ ಮಾಡಬಹುದಾದದ್ದು. ಅಂಗಹೀನ ಮಾಡುವುದು ಅಥವಾ ಕ್ರೂರವಾಗಿ ಕೊಲ್ಲುವುದು, ಅಂದರೆ 11(1)(ಎಲ್), ಆ ಪಟ್ಟಿಯಲ್ಲಿದೆ. ಹೊಡೆಯುವುದು, ಒದೆಯುವುದು, ಚಿತ್ರಹಿಂಸೆ ಕೊಡುವುದು, ಅಂದರೆ 11(1)(ಎ), ಇಲ್ಲ. ಹಾಗಾಗಿ ‘ನಾಯಿಗೆ ಹೊಡೆದರು’ ಎಂದಷ್ಟೇ ದೂರು ಬರೆದುಕೊಟ್ಟರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಹಾಕಿ ಒಂದು ಚೀಟಿ ಕೈಗಿಡುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಶುರುವಾಗುವುದಿಲ್ಲ. ಪೊಲೀಸರನ್ನು ಬೈದು ಫಲವಿಲ್ಲ, ಕಾನೂನು ಇರುವುದೇ ಹಾಗೆ.

ಇಲ್ಲಿ ಕೈಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 325. ಯಾವುದೇ ಪ್ರಾಣಿಯನ್ನು ಕೊಲ್ಲುವುದು, ವಿಷವಿಡುವುದು, ಊನ ಮಾಡುವುದು, ನಿರುಪಯುಕ್ತಗೊಳಿಸುವುದು ಅದರಡಿ ಬರುತ್ತದೆ. ಐದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ. ಇದು ಸಂಜ್ಞೇಯ. ಹಳೆಯ ದಂಡ ಸಂಹಿತೆಯ 428, 429ರಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತೋ ಎಂದು ಲೆಕ್ಕ ಹಾಕಬೇಕಿತ್ತು. 2024ರ ಜುಲೈ 1ರಿಂದ ಆ ಗೋಜು ಹೋಗಿದೆ. ದೂರಿನಲ್ಲಿ 325 ಬಂದರೆ ಉಳಿದ ಸಣ್ಣ ಕಲಂಗಳೂ ಅದರ ಬೆನ್ನಿಗೆ ಬರುತ್ತವೆ. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174(4) ಸ್ಪಷ್ಟವಾಗಿದೆ: ಒಂದೇ ಒಂದು ಅಪರಾಧ ಸಂಜ್ಞೇಯವಾಗಿದ್ದರೂ ಇಡೀ ಪ್ರಕರಣ ಸಂಜ್ಞೇಯ. ಕಾಲು ಮುರಿದಿದ್ದರೆ ‘ಹೊಡೆದರು’ ಎಂದು ನಿಲ್ಲಿಸಬೇಡಿ, ‘ಹಿಂಗಾಲಿನ ಮೂಳೆ ಮುರಿದು ಊನವಾಗಿದೆ’ ಎಂದು ಬರೆದು ಎಕ್ಸ್‌ರೇ ಲಗತ್ತಿಸಿ. ಲೈಂಗಿಕ ಹಿಂಸೆಯ ಪ್ರಕರಣದಲ್ಲಂತೂ ಈ ಎಚ್ಚರ ಇನ್ನೂ ಮುಖ್ಯ. ಪ್ರಾಣಿಗಳ ಮೇಲಿನ ಲೈಂಗಿಕ ಕೃತ್ಯಕ್ಕೂ ಅನ್ವಯಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ಕ್ಕೆ ಹೊಸ ಸಂಹಿತೆಯಲ್ಲಿ ಬದಲಿ ಕಲಂ ಇಲ್ಲವಾದ್ದರಿಂದ ಆಗಿರುವ ಗಾಯದ ಮೇಲೆಯೇ ಕೇಸು ನಿಲ್ಲಬೇಕು.

325 ನಿಲ್ಲಬೇಕಾದರೆ ‘ಉದ್ದೇಶ’ ಕಾಣಬೇಕು. ಕಾರಿಗೆ ಸಿಕ್ಕಿ ನಾಯಿ ಸತ್ತ ಪ್ರಕರಣವೊಂದನ್ನು ಕರ್ನಾಟಕ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. ಅಡ್ಡಾದಿಡ್ಡಿ ಚಾಲನೆಯ ಕಲಂ ಮನುಷ್ಯರ ಜೀವಕ್ಕೆ ಸಂಬಂಧಿಸಿದ್ದು, ಪ್ರಾಣಿಯನ್ನು ಕೊಲ್ಲುವ ಉದ್ದೇಶ ಕಾಣುತ್ತಿಲ್ಲ ಎಂಬುದು ಕಾರಣ. ಆದ್ದರಿಂದ ಘಟನೆಗೆ ಹಿಂದಿನದ್ದನ್ನೂ ದೂರಿನಲ್ಲಿ ಬರೆಯಿರಿ: ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಬೆದರಿಕೆ, ಹಿಂದೆ ಕಲ್ಲು ಹೊಡೆದ ದಿನಾಂಕ, ಮಲಗಿದ್ದ ನಾಯಿಯತ್ತ ಗಾಡಿ ತಿರುಗಿಸಿದ ರೀತಿ. ‘ಅದು ನನ್ನದೇ ದನ, ಏನಾದರೂ ಮಾಡ್ತೀನಿ’ ಎನ್ನುವವರಿಗೆ ನ್ಯಾಯ ಸಂಹಿತೆಯ ಕಲಂ 324ರ ವಿವರಣೆಯಲ್ಲೇ ಉತ್ತರವಿದೆ. ಸ್ವಂತ ಸ್ವತ್ತಿನ ಮೇಲೂ ಕಿಡಿಗೇಡಿತನದ ಅಪರಾಧ (325 ಅದರದ್ದೇ ಒಂದು ಬಗೆ) ಆಗಬಹುದು.

ದೂರನ್ನು ಇಮೇಲ್‌ನಲ್ಲೂ ಕಳಿಸಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ (ನಗರವಾದರೆ ಡಿಸಿಪಿಗೆ) ಸ್ಪೀಡ್ ಪೋಸ್ಟ್‌ನಲ್ಲಿ ದೂರು. ಅದಕ್ಕೂ ಕದಲದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ನಾಗರಿಕ ಸುರಕ್ಷಾ ಸಂಹಿತೆಯ 175(3)ರ ಅರ್ಜಿ. ಅಂಚೆಯ ರಸೀದಿ ಇಲ್ಲದೆ ಈ ಅರ್ಜಿ ನಿಲ್ಲುವುದು ಕಷ್ಟ, ಜೋಪಾನ ಮಾಡಿ.

ಇನ್ನು ಶವ. ಎಲ್ಲಕ್ಕಿಂತ ಹೆಚ್ಚು ಕೇಸುಗಳು ಕೈತಪ್ಪುವುದು ಇಲ್ಲೇ, ಅದೂ ಪ್ರೀತಿಯ ಕಾರಣಕ್ಕೆ. ಸತ್ತ ಜೀವವನ್ನು ಹಾಗೇ ಬಿಡಲು ಮನಸ್ಸಾಗದೆ ಜನ ಕೂಡಲೇ ಹೂತು ಹೂವು ಹಾಕುತ್ತಾರೆ. ವಿಷದ ಪುರಾವೆಯೂ ಅದರ ಜೊತೆ ಮಣ್ಣಾಗುತ್ತದೆ. 2021ರಲ್ಲಿ ಭದ್ರಾವತಿ ತಾಲ್ಲೂಕಿನಲ್ಲಿ ನಾಯಿಗಳನ್ನು ಸಾಮೂಹಿಕವಾಗಿ ಕೊಂದು ಹೂತ ಪ್ರಕರಣದಲ್ಲಿ ಗುಂಡಿ ಅಗೆಸಿ ಶವ ಹೊರತೆಗೆದು ಪರೀಕ್ಷೆ ಮಾಡಿಸಬೇಕಾಯಿತು. ಕೊಳೆತ ದೇಹದಿಂದ ಸಿಗುವ ಉತ್ತರ ಅರ್ಧಂಬರ್ಧ.

ಶವವನ್ನು ತಂಪಾಗಿಡಿ, ಹೆಪ್ಪುಗಟ್ಟಿಸಬೇಡಿ. 4 ಡಿಗ್ರಿ ಸೆಲ್ಸಿಯಸ್ ಸಾಕು. ಫ್ರೀಜರ್‌ನಲ್ಲಿಟ್ಟರೆ ಜೀವಕೋಶ ಒಡೆದು ಅಂಗಾಂಶ ಪರೀಕ್ಷೆಗೆ ಬಾರದಂತಾಗುತ್ತದೆ. ಸೌಲಭ್ಯ ಇಲ್ಲದಿದ್ದರೆ ನೆರಳಲ್ಲಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸ್ ಜೋಡಿಸಿ, 24 ಗಂಟೆಯೊಳಗೆ ಮರಣೋತ್ತರ ಪರೀಕ್ಷೆ ಆಗುವಂತೆ ನೋಡಿಕೊಳ್ಳಿ. ಖಾಸಗಿ ವೈದ್ಯರ ವರದಿ ಇದ್ದರೆ ಒಳ್ಳೆಯದೇ, ಆದರೆ ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಲ್ಲುವುದು ತನಿಖಾಧಿಕಾರಿಯ ಲಿಖಿತ ಕೋರಿಕೆ ಮೇಲೆ ಸರ್ಕಾರಿ ಪಶುವೈದ್ಯಾಧಿಕಾರಿ ಮಾಡಿದ್ದು. ಆ ಕೋರಿಕೆ ಪತ್ರ ಹೊರಟಿದೆಯೇ ಎಂದು ಅವತ್ತೇ ವಿಚಾರಿಸಿ.

ವಿಷದ ಅನುಮಾನವಿದ್ದರೆ ಹೊಟ್ಟೆಯೊಳಗಿನ ಆಹಾರ, ಯಕೃತ್ತು, ಮೂತ್ರಪಿಂಡ ಬೇರೆ ಬೇರೆ ಜಾಡಿಗಳಲ್ಲಿ, ಉಪ್ಪು ಇನ್ನು ಕರಗದಷ್ಟು ಗಾಢವಾದ ಉಪ್ಪುನೀರಿನಲ್ಲಿ ಹೋಗಬೇಕು. ಫಾರ್ಮಲಿನ್ ಅಂಗಾಂಶ ಪರೀಕ್ಷೆಗೆ ಮಾತ್ರ. ವಿಷ ಪರೀಕ್ಷೆಯ ಮಾದರಿಯನ್ನು ಅದರಲ್ಲಿ ಹಾಕಿದರೆ ಕೆಟ್ಟಿತೆಂದೇ ಲೆಕ್ಕ. ಬಳಸಿದ ಉಪ್ಪುನೀರಿನದ್ದೇ ಒಂದು ಖಾಲಿ ಮಾದರಿಯೂ ಜೊತೆಗಿರಬೇಕು, ಇಲ್ಲವಾದರೆ ವಿಷ ಉಪ್ಪಿನಲ್ಲೇ ಇತ್ತು ಎಂದು ವಾದಿಸಲು ಎದುರು ವಕೀಲರಿಗೆ ದಾರಿಯಾಗುತ್ತದೆ. ಇಲಿಪಾಷಾಣದ ಜಿಂಕ್ ಫಾಸ್ಫೈಡ್ ಅನಿಲವಾಗಿ ಹಾರಿಹೋಗುತ್ತದೆ, ಆದ್ದರಿಂದ ಮುಚ್ಚಳ ಗಾಳಿಯಾಡದಂತಿರಲಿ. ಉಳಿದ ಅನ್ನ, ಮಾಂಸದ ತುಂಡನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಕಾರ್ಬೋಫ್ಯುರಾನ್‌ನಂತಹ ಕೀಟನಾಶಕ ಮನುಷ್ಯರನ್ನೂ ಕೊಲ್ಲುತ್ತದೆ. ಮುಚ್ಚಿಟ್ಟು ಕಾವಲಿರಿ. ಇಬ್ಬರು ಪಂಚರ ಮುಂದೆ ಪೊಲೀಸರೇ ಮಹಜರು ಮಾಡಿ, ಸೀಲು ಹಾಕಿ, ಮಡಿವಾಳದ ಎಫ್‌ಎಸ್‌ಎಲ್‌ಗೋ ಪ್ರಾದೇಶಿಕ ಪ್ರಯೋಗಾಲಯಕ್ಕೋ ಕಳಿಸಬೇಕು. ನೀವೇ ಡಬ್ಬಿಯಲ್ಲಿ ಒಯ್ದು ಕೊಟ್ಟರೆ ಆ ವಸ್ತುವಿಗೆ ಸಾಕ್ಷ್ಯದ ಬೆಲೆ ಉಳಿಯುವುದಿಲ್ಲ. ಜಪ್ತಿಯನ್ನು ವಿಡಿಯೋ ಮಾಡುವುದು ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಡಿ ಕಡ್ಡಾಯ.

ಸಿಸಿಟಿವಿ ದೃಶ್ಯ ಕೆಲವು ಕಡೆ ವಾರದಲ್ಲೇ ಅಳಿಸಿಹೋಗುತ್ತದೆ. ಅವತ್ತೇ ಕೇಳಿ, ಪರದೆಯ ಗಡಿಯಾರಕ್ಕೂ ನಿಜ ಸಮಯಕ್ಕೂ ಎಷ್ಟು ನಿಮಿಷ ವ್ಯತ್ಯಾಸವಿದೆ ಎಂದು ಗುರುತು ಹಾಕಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋ ಕುಗ್ಗಿಸಿದ ಪ್ರತಿ, ಮೂಲವಲ್ಲ. ಚಿತ್ರಿಸಿದ ಫೋನು, ಕತ್ತರಿಸದ ಕಡತ, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಎರಡು ಭಾಗವಿದೆ, ಒಂದಕ್ಕೆ ನೀವು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಕಡತದ ಹ್ಯಾಶ್ ಮೌಲ್ಯವೂ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ಇರಬೇಕು.

ಎಫ್‌ಐಆರ್ ಆಯಿತೆಂದು ಸಿಹಿ ಹಂಚಿ ಮರೆಯುವುದು ದೊಡ್ಡ ತಪ್ಪು. ಕಲಂ 36ರ ಪ್ರಕಾರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಘಟನೆಯಾದ ಮೂರು ತಿಂಗಳ ನಂತರ ಪ್ರಾಸಿಕ್ಯೂಷನ್ ಹೂಡುವಂತಿಲ್ಲ. ಎಫ್‌ಎಸ್‌ಎಲ್ ವರದಿ ಕಾಯುತ್ತ ಕೂತರೆ ಆ ಗಡುವು ಸದ್ದಿಲ್ಲದೆ ದಾಟಿಬಿಡುತ್ತದೆ. ಇರುವ ಸಾಕ್ಷ್ಯದ ಮೇಲೆ ದೋಷಾರೋಪ ಪಟ್ಟಿ ಹಾಕಿ, ವರದಿ ಬಂದ ಮೇಲೆ ನಾಗರಿಕ ಸುರಕ್ಷಾ ಸಂಹಿತೆಯ 193(9)ರಡಿ ಹೆಚ್ಚುವರಿ ಪಟ್ಟಿ ಸಲ್ಲಿಸಿ ಎಂದು ತನಿಖಾಧಿಕಾರಿಗೆ ಲಿಖಿತವಾಗಿ ಕೇಳಿ. 90 ದಿನದೊಳಗೆ ತನಿಖೆಯ ಪ್ರಗತಿಯನ್ನು ದೂರುದಾರರಿಗೆ ತಿಳಿಸುವುದು ಅವರ ಕರ್ತವ್ಯ. ಪಟ್ಟಿ ಸಲ್ಲಿಕೆಯಾದ ಕೂಡಲೇ ಇ-ಕೋರ್ಟ್ಸ್ ತಾಣದಲ್ಲಿ ಎಫ್‌ಐಆರ್ ಸಂಖ್ಯೆ ಹಾಕಿ ಸಿ.ಸಿ. ನಂಬರ್ (ನ್ಯಾಯಾಲಯದ ಕ್ರಿಮಿನಲ್ ಕೇಸಿನ ಸಂಖ್ಯೆ) ಹುಡುಕಿ, 325 ಉಳಿದಿದೆಯೇ ನೋಡಿ. ಅದನ್ನು ಕೈಬಿಟ್ಟು ಬರೀ ಕಲಂ 11 ಉಳಿಸಿದ್ದರೆ ಆರೋಪಿ ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೋಗುತ್ತಾನೆ. ಜನ ಹೇಳುವ ಐವತ್ತು ರೂಪಾಯಿಯ ಕಥೆ ಹುಟ್ಟುವುದು ಹೀಗೆ. ಪೊಲೀಸರು ಬಿ ರಿಪೋರ್ಟ್ (ಕೇಸು ಮುಚ್ಚಬೇಕೆಂಬ ವರದಿ) ಹಾಕಿದ್ದರೆ ನ್ಯಾಯಾಲಯದಿಂದ ನಿಮಗೆ ನೋಟಿಸ್ ಬರಬೇಕು, ಆಗ ತಕರಾರು ಅರ್ಜಿ ಹಾಕುವ ಹಕ್ಕಿದೆ.

ಪ್ರಾಣಿ ಬದುಕಿದ್ದು ಜಪ್ತಿಯಾಗಿದ್ದರೆ ಇನ್ನೊಂದು ಅಪಾಯ. ಆರೋಪಿ ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವ ಮುಂಚೆಯೇ ಪ್ರಾಣಿಯನ್ನು ತನ್ನ ವಶಕ್ಕೆ ಕೊಡಿ ಎಂದು, ಅರ್ಜಿ ಹಾಕುತ್ತಾನೆ, ಆಕ್ಷೇಪಿಸಲು ಯಾರೂ ಇರುವುದಿಲ್ಲ, ಹೊಡೆದ ಕೈಗೇ ಪ್ರಾಣಿ ವಾಪಸ್ ಹೋಗುತ್ತದೆ. 2017ರ ಜಪ್ತಿ ಪ್ರಾಣಿಗಳ ಆರೈಕೆ ನಿಯಮಗಳಲ್ಲಿ ಪ್ರಕರಣ ಮುಗಿಯುವವರೆಗೆ ಪ್ರಾಣಿಯನ್ನು ಪ್ರಾಣಿದಯಾ ಸಂಘ, ಗೋಶಾಲೆ ಅಥವಾ ಆರೈಕೆ ಕೇಂದ್ರದಲ್ಲಿ ಇರಿಸಿ, ವೆಚ್ಚಕ್ಕೆ ಆರೋಪಿಯಿಂದ ಬಾಂಡ್ ಪಡೆಯಲು ಅವಕಾಶವಿದೆ. ಸಹಾಯಕ ಸರ್ಕಾರಿ ಅಭಿಯೋಜಕರ ಕೈಗೆ ಈ ನಿಯಮದ ಪ್ರತಿ ಕೊಡಿ, ಅವರ ಮೇಜಿನ ಮೇಲೆ ನೂರಾರು ಕಡತಗಳಿರುತ್ತವೆ.

ಕಾಯ್ದೆ ಬದಲಾಗಬೇಕೆಂಬ ಒತ್ತಾಯವೂ ನಿಲ್ಲಬಾರದು. 2014ರ ಮೇ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕಲಂ 11ರ ಶಿಕ್ಷೆ ಯಾರನ್ನೂ ತಡೆಯುವಷ್ಟು ಕಠಿಣವಾಗಿಲ್ಲ, ಸಂಸತ್ತು ಹೆಚ್ಚಿಸಲಿ ಎಂದಿತ್ತು. 2022ರ ನವೆಂಬರ್‌ನಲ್ಲಿ ಕೇಂದ್ರ ಕರಡು ತಿದ್ದುಪಡಿ ಪ್ರಕಟಿಸಿ ಅಭಿಪ್ರಾಯವನ್ನೂ ಕೇಳಿತ್ತು. ದೆಹಲಿಗೆ ಬರೆಯುವವರು ಬರೆಯಲಿ, ಆದರೆ ಬೆಂಗಳೂರಿನಲ್ಲೂ ಒಂದು ಬಾಗಿಲಿದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಕಂಬಳಕ್ಕಾಗಿ ಕರ್ನಾಟಕ ಇದೇ ಕಾಯ್ದೆಗೆ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ದಾರಿಯಲ್ಲಿ ಕಲಂ 11ರ ದಂಡ ಏರಿಸಬಹುದು, ಕಲಂ 31ಕ್ಕೆ 11(1)(ಎ) ಸೇರಿಸಬಹುದು, ಕಲಂ 36ರ ಮೂರು ತಿಂಗಳನ್ನು ಹಿಗ್ಗಿಸಬಹುದು.

ಶಾಸಕರಿಗೆ, ಪಶುಸಂಗೋಪನಾ ಸಚಿವರಿಗೆ, ವಿಧಾನಸಭೆಯ ಅರ್ಜಿಗಳ ಸಮಿತಿಗೆ ಬರೆಯುವಾಗ ‘ಕಠಿಣ ಕ್ರಮ ಕೈಗೊಳ್ಳಿ’ ಎಂದು ಬರೆಯದೆ ಈ ಮೂರು ಕಲಂಗಳ ಸಂಖ್ಯೆಯನ್ನೇ ಬರೆಯಿರಿ. ಜೊತೆಗೆ ನಿಮ್ಮ ತಾಲ್ಲೂಕಿನ ಲೆಕ್ಕವಿರಲಿ. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಐದು ವರ್ಷದ ಎಫ್‌ಐಆರ್, ದೋಷಾರೋಪ ಪಟ್ಟಿ, ಬಿ ರಿಪೋರ್ಟ್, ಶಿಕ್ಷೆ, ವಸೂಲಾದ ದಂಡ ಇಷ್ಟನ್ನೂ ಠಾಣೆವಾರು ಕೇಳಿ. ಇನ್ನೊಂದು ಅರ್ಜಿಯಲ್ಲಿ ಜಿಲ್ಲಾ ಪ್ರಾಣಿದಯಾ ಸಂಘದ ಸಭೆಗಳ ನಡಾವಳಿ ಕೇಳಿ. ಉತ್ತರಕ್ಕೆ 30 ದಿನ ಗಡುವು. ಬಂದ ಹಾಳೆಗಳನ್ನು ಹಾಗೇ ಪತ್ರಕ್ಕೆ ಲಗತ್ತಿಸಿ.