ಕೇಳಿದವರೆಲ್ಲ ಕೂಗಬೇಕಿಲ್ಲ

ಗಾಸಿಪ್ ಪ್ರೋಟೋಕಾಲ್, ಅಂದ್ರೆ ಗಾಳಿಮಾತಿನ ಹಾಗೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿಸುವ ಕಂಪ್ಯೂಟರ್ ವಿಧಾನದ ಬಗ್ಗೆ ಓದುತ್ತಿದ್ದೇನೆ. ತಂತಿಯ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್ ಯಾರೋ ಒಬ್ಬರನ್ನು ಆರಿಸಿ ಸುದ್ದಿ ದಾಟಿಸುತ್ತದೆ. ವೈರ್‌ಲೆಸ್‌ನಲ್ಲಿ ಒಬ್ಬರು ಮಾತಾಡಿದರೆ ಸುತ್ತಲಿನವರಿಗೆಲ್ಲ ಕೇಳುತ್ತದೆ, ನಮ್ಮ ದಾವಣಗೆರೆಯ ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಮಾತಾಡಿದ ಹಾಗೆ. ಕೇಳಿದವರೆಲ್ಲ ಮತ್ತೆ ಕಳಿಸಿದರೆ ಸಿಗ್ನಲ್‌ಗಳು ಡಿಕ್ಕಿ ಹೊಡೆಯುತ್ತವೆ, ಬ್ಯಾಟರಿಯೂ ಸುಮ್ನೆ ಖಾಲಿ.

2002ರಲ್ಲಿ ಹಾಸ್, ಹಾಲ್ಪರ್ನ್, ಲೀ ಎಂಬ ಸಂಶೋಧಕರು ತೋರಿಸಿದ ದಾರಿ ಸರಳ. ಪ್ರತಿ ಸಾಧನವೂ 0.6ರಿಂದ 0.8ರಷ್ಟು ಸಂಭವದಲ್ಲಿ, ಅಂದ್ರೆ ಹತ್ತರಲ್ಲಿ ಆರರಿಂದ ಎಂಟು ಸಲ ಮಾತ್ರ ಸುದ್ದಿಯನ್ನು ಮುಂದೆ ಕಳಿಸಿದರೆ ಸಾಕು, ಬಹುಪಾಲು ಸಲ ಹೆಚ್ಚುಕಡಿಮೆ ಎಲ್ಲರಿಗೂ ತಲುಪುತ್ತದೆ. ಆದರೆ ಮೊದಲ ಕೆಲವು ಹಂತದಲ್ಲಿ ಎಲ್ಲರೂ ಕಳಿಸಲೇಬೇಕು. ಇಲ್ಲದಿದ್ದರೆ ಸುದ್ದಿ ಹುಟ್ಟಿದಲ್ಲೇ ಸಾಯಬಹುದು. ಈ ಸಣ್ಣ ಎಚ್ಚರಿಕೆ ನನಗೆ ತುಂಬಾ ಹಿಡಿಸಿತು.

ಚಿತ್ರದುರ್ಗದ ಕೋಟೆ ಬಂಡೆಗಳ ಮರೆಯಲ್ಲಿ ಟವರ್ ಸಿಗದಿದ್ದಾಗ, ನಡೆದಾಡುವವರ ಫೋನ್‌ಗಳೇ ಹೀಗೆ ತುರ್ತು ಸುದ್ದಿ ದಾಟಿಸಿದರೆ ಎಷ್ಟು ಒಳ್ಳೇದು ಅಲ್ವಾ?