ರಾಜಿಗೆ ಸಿಗಬಾರದ ಕೇಸು

ಶಾಲೆಯ ಮೇಷ್ಟ್ರೇ ಮಗುವಿನ ಮೇಲೆ ಅತ್ಯಾಚಾರ ಮಾಡಿದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಲ್ಲಿ ಅದು ಇನ್ನೂ ಘೋರ ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 20 ವರ್ಷ. ಅದು ಜಾಸ್ತಿ ಅಂತ ನನಗೆ ಯಾವತ್ತೂ ಅನಿಸಿಲ್ಲ. ಮಗುವನ್ನು ನಂಬಿ ಒಪ್ಪಿಸಿದ ಕೈ ಅದು, ಅಲ್ವಾ?

ನನ್ನ ಹೊಟ್ಟೆ ಉರಿಯುವುದು ಕೋರ್ಟಿಗೆ ಮುಂಚೆಯೇ ಆಗುವ ರಾಜಿ ಪಂಚಾಯ್ತಿ ನೋಡಿ. ರಾಜಸ್ಥಾನದಲ್ಲಿ ವಿದ್ಯಾರ್ಥಿನಿಯ ಮೈ ಮುಟ್ಟಿದ ಆರೋಪ ಹೊತ್ತ ಶಿಕ್ಷಕನೊಬ್ಬ ಹುಡುಗಿಯ ಮನೆಯವರ ಜೊತೆ ರಾಜಿ ಮಾಡಿಕೊಂಡ. ಹೈಕೋರ್ಟ್ ಎಫ್‌ಐಆರನ್ನೇ ರದ್ದು ಮಾಡಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಆ ಮನೆಯವರಲ್ಲ, ಹೊರಗಿನವರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ತಳ್ಳಿಹಾಕಿತು. ಇದು ಖಾಸಗಿ ವಿಷಯ ಅಲ್ಲ, ರಾಜಿಯಾಯಿತು ಅಂತ ಕೇಸು ಕೈಬಿಡುವ ಹಾಗಿಲ್ಲ ಎಂದಿತು.

ಆ ಹೊರಗಿನವರಿಗೆ ನನ್ನ ನಮಸ್ಕಾರ. ಊರಲ್ಲಿ ಎಲ್ಲರೂ 'ಹುಡುಗಿ ಭವಿಷ್ಯ ನೋಡಿ, ಸುಮ್ನೆ ಬಿಡಿ' ಅನ್ನುವಾಗ ದಿಲ್ಲಿಯವರೆಗೆ ಹೋಗುವುದು ಸಣ್ಣ ಮಾತಲ್ಲ.

ಇನ್ನೊಂದು ವಿಷಯ. ತಮ್ಮ ಕೈಕೆಳಗಿನ ಸಿಬ್ಬಂದಿ ಇಂಥ ಅಪರಾಧ ಮಾಡಿದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಶಾಲೆಯ ಮುಖ್ಯಸ್ಥರಿಗೂ ಇದೇ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಪೋಷಕರ ಸಭೆಗೆ ಹೋದಾಗ ಇದನ್ನು ಜೋರಾಗಿಯೇ ಹೇಳಿ.