ಆ ಪ್ಯಾನೆಲ್ ಬಾಗಿಲನ್ನು ನಾನು ಸ್ಲೇವ್ ಮಾಡಿದ್ದೆ

ಕೆಲಸಕ್ಕೆ ಸೇರಿ ಎರಡನೇ ವರ್ಷ. ಡೀಸೆಲ್ ಜನರೇಟರ್ ಸೆಟ್ ಒಂದರ ಬೇಸ್ ಫ್ರೇಮ್ ನನ್ನ ಪಾಲಿಗೆ ಬಂತು. ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25. ಯಾವ ಭಾಗದ ಸಹಜ ಕಂಪನವೂ 25 ಹರ್ಟ್ಜ್ ಹತ್ತಿರ ಸುಳಿಯಬಾರದು ಅನ್ನುವುದು ಮುಖ್ಯ ಬೇಡಿಕೆ.

ಇಂಜಿನ್ ಮಾಡೆಲ್ ನೋಡುತ್ತಿದ್ದ ತಂಡಕ್ಕೆ ನಮ್ಮ ಫ್ರೇಮಿನ ಕಂಪ್ಯೂಟರ್ ಮಾಡೆಲನ್ನು ಕುಗ್ಗಿಸಿದ ಚಿಕ್ಕ ಮ್ಯಾಟ್ರಿಕ್ಸ್ ಬೇಕಿತ್ತು. ನಾನು ಸ್ಟಾಟಿಕ್ ಕಂಡೆನ್ಸೇಷನ್ ಮಾಡಿದೆ, ಅಂದರೆ ಮಾಡೆಲಿನ ಕೆಲವು ಬಿಂದುಗಳನ್ನು (ನೋಡ್) ಮಾತ್ರ ಉಳಿಸಿ, ಮಿಕ್ಕವುಗಳ ಚಲನೆ ಅವುಗಳಿಂದಲೇ ಸಿಗುವ ಹಾಗೆ ಕುಗ್ಗಿಸಿದೆ. ಬೋಲ್ಟ್ ಬರುವ ನೋಡ್‌ಗಳನ್ನು ಮಾಸ್ಟರ್ ಅಂತ ಉಳಿಸಿಕೊಂಡೆ. ಮಿಕ್ಕವೆಲ್ಲ ಸ್ಲೇವ್. ಫ್ರೇಮಿನ ಮೇಲೆ ಕಂಟ್ರೋಲ್ ಪ್ಯಾನೆಲ್ ಇತ್ತು, ಅದರ ತೆಳು ಶೀಟಿನ ಬಾಗಿಲಿಗೆ ಮೀಟರು, ಸ್ವಿಚ್ಚುಗಳ ಭಾರ. ಆ ಬಾಗಿಲೂ ಸ್ಲೇವ್ ಕಡೆಗೇ ಹೋಯಿತು.

ಬೋಲ್ಟ್‌ಗಳಲ್ಲಿ ಲೋಡ್ ಕೊಟ್ಟು ಪೂರ್ತಿ ಮಾಡೆಲ್ ಜೊತೆ ಹೋಲಿಸಿದೆ. ಬಾಗುವಿಕೆ ಹಾಗೇ ಕೂತಿತು. ಕೂರಲೇಬೇಕು, ಯಾಕಂದ್ರೆ ಸ್ಟಾಟಿಕ್‌ನಲ್ಲಿ, ಅಂದರೆ ಕಂಪನವಿಲ್ಲದ ನಿಂತ ಲೋಡಿಗೆ, ಈ ಲೆಕ್ಕ ಅಂದಾಜಲ್ಲ, ನಿಖರ. ಒಂದು ಬೀಮ್ ತಗೊಳ್ಳಿ. ಆಚೆ ತುದಿ ಬಿಗಿಯಿದ್ದರೆ ಈ ತುದಿಯ ತಿರುಗುವ ಸ್ಟಿಫ್‌ನೆಸ್ ೪ಇಐ/ಎಲ್ (ಇಐ ಬೀಮಿನ ಬಾಗುವ ಬಿಗಿ, ಎಲ್ ಅದರ ಉದ್ದ). ಆಚೆ ತುದಿಗೆ ಹಿಂಜ್ ಹಾಕಿ ಅದರ ತಿರುವನ್ನು ಕಂಡೆನ್ಸ್ ಮಾಡಿ: ನಾಲ್ಕರಿಂದ 2×2/4 ಕಳೆದರೆ ಮೂರು (2 ಅನ್ನುವುದು ಎರಡೂ ತುದಿಗಳ ತಿರುವನ್ನು ಜೋಡಿಸುವ ಗುಣಾಂಕ). ಪಠ್ಯಪುಸ್ತಕದ ೩ಇಐ/ಎಲ್ ಬಂತಲ್ವಾ? ಈ ನಿಖರತೆ ನೋಡಿ ನಾನು ಧೈರ್ಯವಾಗಿ ಫೈಲ್ ಕಳಿಸಿದೆ. ರಾತ್ರಿ ಬಿಟ್ಟು ಬಂದಿದ್ದರೆ ಮುಗಿಯುತ್ತಿದ್ದ, ಸಹಜ ಕಂಪನಗಳನ್ನು ಹುಡುಕುವ ಪೂರ್ತಿ ಮೋಡಲ್ ರನ್ ಮಾತ್ರ ಮಾಡಲಿಲ್ಲ.

ಟೆಸ್ಟ್ ಬೆಡ್ ಮೇಲೆ ಸೆಟ್ 1500ಕ್ಕೆ ಏರಿದ ಕೂಡಲೇ ಬಾಗಿಲು ಗಡಗಡ ನಡುಗಿತು. ಮೀಟರಿನ ಮುಳ್ಳು ಓದುವ ಹಾಗೇ ಇರಲಿಲ್ಲ. ನನ್ನ ಚಿಕ್ಕ ಮಾಡೆಲ್‌ನಲ್ಲಿ ಆ ಮೋಡ್, ಅಂದರೆ ಬಾಗಿಲಿನ ಆ ಸಹಜ ಕಂಪನ, ಇರಲೇ ಇಲ್ಲ.

ನಮ್ಮ ಸೀನಿಯರ್ ಮೇಡಂ ಮಾಸ್ಟರ್ ಪಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಬಾಗಿಲಿನ ಭಾರ ಯಾರ ಹಿಂದೆ ಹೋಗ್ತಿದೆಯಪ್ಪಾ?"

ಆಗ ತಲೆಗೆ ಹೋಯಿತು. 1965ರಲ್ಲಿ ಗಯಾನ್ ಎಂಬ ಎಂಜಿನಿಯರ್ ತೋರಿಸಿದ ದಾರಿಯಲ್ಲಿ, ಭಾರದ ಲೆಕ್ಕ ಇರುವ ಮಾಸ್ ಮ್ಯಾಟ್ರಿಕ್ಸನ್ನೂ ಅದೇ ಸ್ಟಾಟಿಕ್ ಸಂಬಂಧದಿಂದಲೇ ಕುಗ್ಗಿಸುತ್ತೇವೆ. ಸ್ಲೇವ್ ನೋಡ್ ಮಾಸ್ಟರ್ ಹೇಳಿದ ಆಕಾರಕ್ಕೆ ಸುಮ್ನೆ ಹಿಂಬಾಲಿಸುತ್ತದೆ, ತನ್ನಷ್ಟಕ್ಕೆ ಕುಣಿಯುವ ಸ್ವಾತಂತ್ರ್ಯ ಅದಕ್ಕಿಲ್ಲ. ಬಾಗಿಲಿನ ಭಾರ ಕಳೆದುಹೋಗಿರಲಿಲ್ಲ, ಬೋಲ್ಟ್‌ಗಳಿಗೆ ಹಂಚಿಹೋಗಿತ್ತು.

ಮೇಡಂ ಕಾಗದದ ಮೇಲೆ ಒಂದೇ ಎಲಿಮೆಂಟಿನ (ಮಾಡೆಲಿನ ಒಂದೇ ತುಂಡಿನ) ಕ್ಯಾಂಟಿಲಿವರ್, ಅಂದರೆ ಒಂದು ತುದಿ ಮಾತ್ರ ಬಿಗಿದ ಬೀಮ್, ಬರೆಸಿದರು. ತುದಿಯ ತಿರುವನ್ನು ಕಂಡೆನ್ಸ್ ಮಾಡಿದರೆ ಮೊದಲ ಮೋಡಿನ ಫ್ರೀಕ್ವೆನ್ಸಿಯ ಗುಣಾಂಕ 3.568. ಮಾಡದಿದ್ದರೆ 3.533. ನಿಜವಾದದ್ದು 3.516. ತಿರುವಿಗೆ ಅಂಟಿದ ಜಡತೆ ಕಡಿಮೆ, ಹಾಗಾಗಿ ಅಡಗಿಸಿದರೂ ನಷ್ಟ ಇಷ್ಟೇ. ಇನ್ನೊಂದು ವಿಷಯ ಗಮನಿಸಿ, ಕುಗ್ಗಿಸಿದಾಗ ಫ್ರೀಕ್ವೆನ್ಸಿ ಏರುತ್ತದೆಯೇ ಹೊರತು ಪೂರ್ತಿ ಮಾಡೆಲ್‌ಗಿಂತ ಕೆಳಗಿಳಿಯುವುದಿಲ್ಲ. 25ರಿಂದ ದೂರ ಇದ್ದೇವೆ ಅಂತ ಖುಷಿಪಡುವವರಿಗೆ ಇದು ಅಪಾಯದ ದಿಕ್ಕು.

ಆಮೇಲೆ ಎಲ್ಲ ಮಾಸ್ಟರ್‌ಗಳನ್ನೂ ಬಿಗಿದು, ಸ್ಲೇವ್ ಭಾಗದ ಮೋಡ್ ಮಾತ್ರ ತೆಗೆಸಿದರು. ಮೊದಲನೆಯದೇ 26 ಹರ್ಟ್ಜ್! ಕಂಡೆನ್ಸ್ ಮಾಡಿದ ಮಾಡೆಲನ್ನು ನಂಬಬೇಕಾದರೆ ನಮಗೆ ಬೇಕಾದ ಫ್ರೀಕ್ವೆನ್ಸಿ ಇದಕ್ಕಿಂತ ತುಂಬಾ ಕೆಳಗಿರಬೇಕು. ನಾನು ಸುಮಾರು ಮೂರನೇ ಒಂದು ಭಾಗವನ್ನು ಗಡಿ ಅಂತ ಇಟ್ಟುಕೊಂಡಿದ್ದೇನೆ. ಇಲ್ಲಿ 25 ಬೇಕಿತ್ತು, ಸಿಕ್ಕಿದ್ದು 26.

ಈಗ ಯಾವ ಮಾಡೆಲ್ ಕುಗ್ಗಿಸುವ ಮೊದಲೂ ಈ ಬಿಗಿದ ರನ್ ಮಾಡುತ್ತೇನೆ. ಭಾರ ಜಾಸ್ತಿ, ಬಿಗಿ ಕಡಿಮೆ ಇರುವ ನೋಡ್‌ಗಳನ್ನು ಮೊದಲು ಹುಡುಕಿ ಮಾಸ್ಟರ್ ಪಟ್ಟಿಗೆ ಹಾಕುತ್ತೇನೆ. ಅಂಥವು ತುಂಬಾ ಇದ್ದರೆ ಕ್ರೇಗ್–ಬ್ಯಾಂಪ್ಟನ್ ಎಂಬ ಇನ್ನೊಂದು ಕುಗ್ಗಿಸುವ ವಿಧಾನದ ಕಡೆ ಹೋಗುತ್ತೇನೆ. 1968ರ ಆ ವಿಧಾನದಲ್ಲಿ ಬಿಗಿದ ರನ್ನಿನ ಮೋಡ್‌ಗಳೇ ಚಿಕ್ಕ ಮ್ಯಾಟ್ರಿಕ್ಸಿನ ಒಳಗೆ ಸೇರಿಕೊಳ್ಳುತ್ತವೆ.

ಅವತ್ತು ಬಾಗಿಲಿನ ನಡುವಿನ ನಾಲ್ಕು ನೋಡ್‌ಗಳನ್ನು ಮಾಸ್ಟರ್ ಮಾಡಿ ಮತ್ತೆ ಓಡಿಸಿದೆ. ಆ ಮೋಡ್ ಕಾಣಿಸಿಕೊಂಡಿತು. ಬಾಗಿಲ ಹಿಂದೆ ಎರಡು ಪಟ್ಟಿ ವೆಲ್ಡ್ ಮಾಡಿಸಿ ಸೆಟ್ಟನ್ನು ಮತ್ತೆ 1500ಕ್ಕೆ ಏರಿಸಿದಾಗ ಮೀಟರಿನ ಮುಳ್ಳು ನಿಂತಲ್ಲೇ ನಿಂತಿತ್ತು.